ಕಪಾಲಭಾತಿಯ ಸುರಕ್ಷಿತ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯನ್ನು ಚುರುಕಾಗಿ ಒಳಗೆಳೆದು ಮೂಗಿನಿಂದ ಉಸಿರನ್ನು ಮತ್ತೆ ಮತ್ತೆ ಹೊರಹಾಕುವ ಯೋಗಕ್ರಿಯೆಯಾದ ಕಪಾಲಭಾತಿಯನ್ನು ಕುರಿತು ತರಗತಿಗಳಲ್ಲಿ, ಪತ್ರಗಳಲ್ಲಿ ಮತ್ತು ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಆದರೆ ಹೊಸದಾಗಿ ಆರಂಭಿಸುವವರು ಎರಡನೆಯ ಭಾಗವನ್ನು ಓದದೆ ಅಭ್ಯಾಸಕ್ಕೆ ಕೂರಬಾರದೆಂದು ವಿನಂತಿ. ಇಲ್ಲಿರುವ ಯಾವ ಮಾತೂ ನಿಮ್ಮನ್ನು ಪರೀಕ್ಷಿಸಿರುವ ವೈದ್ಯರ ಮಾತಿಗೆ ಬದಲಿಯಲ್ಲ.

## ಆರಂಭ

ಕಪಾಲಭಾತಿ ಪ್ರಾಣಾಯಾಮವೇ ಅಲ್ಲ ಅಂತಾರಲ್ಲ, ಹೌದಾ?

ಹೌದು. ಹದಿನೈದನೆಯ ಶತಮಾನದ ಸ್ವಾತ್ಮಾರಾಮ ಯೋಗಿಯ ಹಠಯೋಗ ಪ್ರದೀಪಿಕೆಯು ಇದನ್ನು ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿಗಳ ಜೊತೆಗೆ ಷಟ್ಕರ್ಮಗಳಲ್ಲಿ ಒಂದಾಗಿ, ಅಂದರೆ ಶುದ್ಧಿಕ್ರಿಯೆಯಾಗಿ ಎಣಿಸುತ್ತದೆ. ಸೂರ್ಯಭೇದನ, ಉಜ್ಜಾಯಿ, ಭಸ್ತ್ರಿಕಾ ಮೊದಲಾದ ಎಂಟು ಕುಂಭಕಗಳ, ಅಂದರೆ ಉಸಿರನ್ನು ಹಿಡಿದು ಮಾಡುವ ಪ್ರಾಣಾಯಾಮಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಇದು ಕೇವಲ ವರ್ಗೀಕರಣದ ವಿಷಯವಲ್ಲ, ಏಕೆಂದರೆ ಅಭ್ಯಾಸದ ಪ್ರಮಾಣವನ್ನು ನಿರ್ಧರಿಸುವುದೂ ಇದೇ. ಶುದ್ಧಿಕ್ರಿಯೆಯನ್ನು ಅಗತ್ಯವಿದ್ದಷ್ಟು ಮಾಡಿ ಮುಂದಿನ ಸಾಧನೆಗೆ ಹೋಗಬೇಕೇ ಹೊರತು ಅದನ್ನೇ ಗಂಟೆಗಟ್ಟಲೆ ಬೆಳೆಸುತ್ತ ಕೂರಬಾರದು. ಮೇದಸ್ಸು (ಕೊಬ್ಬು) ಮತ್ತು ಶ್ಲೇಷ್ಮ (ಕಫ) ಅಧಿಕವಾಗಿರುವವರು ಪ್ರಾಣಾಯಾಮಕ್ಕೆ ಮುನ್ನ ಷಟ್ಕರ್ಮಗಳನ್ನು ಆಚರಿಸಬೇಕು, ವಾತ, ಪಿತ್ತ, ಕಫ ದೋಷಗಳು ಸಮವಾಗಿರುವ ಉಳಿದವರು ಆಚರಿಸಬೇಕಿಲ್ಲ ಎಂದು ಅದೇ ಗ್ರಂಥ ಸ್ಪಷ್ಟವಾಗಿ ಹೇಳಿದೆ. ಎಲ್ಲರೂ ದಿನವೂ ಮಾಡಲೇಬೇಕಾದ ಸಾಧನೆಯೆಂಬ ಭಾವನೆ ಹಳೆಯ ಗ್ರಂಥಗಳಿಂದ ಬಂದದ್ದಲ್ಲ.

ಸರಿಯಾದ ಕ್ರಮ ಯಾವುದು? ಒಂದೊಂದೇ ಹಂತ ಹೇಳಿ.

ಬೆನ್ನು ನೆಟ್ಟಗಿರುವಂತೆ, ಆದರೆ ಸೆಟೆದುಕೊಳ್ಳದಂತೆ ಕುಳಿತುಕೊಳ್ಳಿ. ಹೊಟ್ಟೆಯ ಮೇಲೆ ಬಿಗಿಯಾದ ಬೆಲ್ಟ್ ಅಥವಾ ಲಾಡಿ ಇರಬಾರದು. ಒಂದೆರಡು ನಿಮಿಷ ಸಹಜವಾಗಿ ಉಸಿರಾಡಿ, ಹೊಟ್ಟೆ ಏರಿಳಿಯುವುದನ್ನು ಗಮನಿಸಿ. ಬಳಿಕ ಹೊಕ್ಕುಳಿನ ಕೆಳಭಾಗವನ್ನು ಚುರುಕಾಗಿ ಬೆನ್ನಿನ ಕಡೆಗೆ ಎಳೆದುಕೊಳ್ಳಿ, ಆಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆ ಮೇಲಕ್ಕೆ ಸರಿದು ಗಾಳಿ ಮೂಗಿನಿಂದ ತಾನಾಗಿ ಹೊರಬರುತ್ತದೆ. ತಕ್ಷಣ ಹೊಟ್ಟೆಯನ್ನು ಸಡಿಲಬಿಟ್ಟರೆ ಉಸಿರು ತಾನಾಗಿಯೇ ಒಳಗೆ ಬರುತ್ತದೆ, ನೀವು ಎಳೆದುಕೊಳ್ಳುವ ಅಗತ್ಯವಿಲ್ಲ. ಹೊರಹಾಕುವುದಷ್ಟೇ ನಿಮ್ಮ ಕೆಲಸ, ಒಳಬರುವುದು ದೇಹದ ಕೆಲಸ. ಇಷ್ಟಾದರೆ ಒಂದು ಹೊಡೆತ.

ಭುಜ, ಎದೆ, ಮುಖ ಮೂರೂ ನಿಶ್ಚಲವಾಗಿರಬೇಕು. ಮೂಗಿನ ಹೊಳ್ಳೆಗಳನ್ನು ಕುಗ್ಗಿಸಿ ಸದ್ದು ಹೊರಡಿಸುವವರು ಬಹಳ ಮಂದಿ, ಆದರೆ ಸದ್ದು ಬಲದ ಗುರುತೇ ಹೊರತು ಶುದ್ಧಿಯ ಗುರುತಲ್ಲ. ಒಂದು ಸುತ್ತು ಮುಗಿದ ಮೇಲೆ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಟ್ಟು, ಉಸಿರಾಟ ಮೊದಲಿನ ಲಯಕ್ಕೆ ಮರಳುವವರೆಗೆ ಸುಮ್ಮನೆ ಕುಳಿತಿರಬೇಕು. ಈ ವಿರಾಮವೂ ಅಭ್ಯಾಸದ ಭಾಗವೇ ಆಗಿದ್ದು, ಅದನ್ನು ಹಾರಿಸಿ ಮುಂದಿನ ಸುತ್ತಿಗೆ ಹೋಗಬಾರದು.

ಭಸ್ತ್ರಿಕಾಕ್ಕೂ ಇದಕ್ಕೂ ಏನು ವ್ಯತ್ಯಾಸ? ನನಗೆ ಎರಡೂ ಒಂದೇ ಥರ ಕಾಣಿಸುತ್ತವೆ.

ಭಸ್ತ್ರಿಕಾದಲ್ಲಿ ಪೂರಕ (ಉಸಿರೆಳೆಯುವುದು) ಮತ್ತು ರೇಚಕ (ಉಸಿರು ಬಿಡುವುದು) ಎರಡೂ ಬಲವಾಗಿದ್ದು ಎದೆಯೂ ಪಾಲ್ಗೊಳ್ಳುತ್ತದೆ, ಸುತ್ತಿನ ಕೊನೆಗೆ ಕುಂಭಕವಿರುತ್ತದೆ. ಕಪಾಲಭಾತಿಯಲ್ಲಿ ರೇಚಕ ಮಾತ್ರ ಸಕ್ರಿಯ. ಗೊಂದಲಕ್ಕೆ ಕಾರಣವೂ ಇದೆ: ಪ್ರದೀಪಿಕೆಯ ಶ್ಲೋಕವೇ ಕಪಾಲಭಾತಿಯನ್ನು ಕಮ್ಮಾರನ ತಿದಿಯಂತೆ ರೇಚಕ ಪೂರಕಗಳನ್ನು ವೇಗವಾಗಿ ನಡೆಸುವ ಕ್ರಿಯೆ ಎಂದು ವರ್ಣಿಸಿ, ಕಫದೋಷವನ್ನು ಒಣಗಿಸುವಂಥದ್ದು ಎನ್ನುತ್ತದೆ. ಪೂರಕವನ್ನು ಸಡಿಲವಾಗಿ ಬಿಡುವ ಇಂದಿನ ರೂಪವನ್ನು ಕಲಿಸಿದವರಲ್ಲಿ, 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗಕ್ರಿಯೆಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ತೊಡಗಿದ ಸ್ವಾಮಿ ಕುವಲಯಾನಂದರು ಪ್ರಮುಖರು. ಸುರಕ್ಷತೆಯ ದೃಷ್ಟಿಯಿಂದ ಈ ಸಡಿಲ ಪೂರಕವೇ ಹೊಸಬರಿಗೆ ಸೂಕ್ತ.

ಹೊಟ್ಟೆ ಒಳಗೆ ಎಳೆದರೆ ನನಗೆ ಉಸಿರೂ ಒಳಗೇ ಹೋಗುತ್ತದೆ. ಎಲ್ಲಿ ತಪ್ಪುತ್ತಿದೆ?

ಇದು ಬಹಳ ಸಾಮಾನ್ಯ. ಹೊಟ್ಟೆಯನ್ನು ಸದಾ ಬಿಗಿಹಿಡಿದು ಎದೆಯಿಂದಷ್ಟೇ ಉಸಿರಾಡುವ ಅಭ್ಯಾಸ ಇರುವವರಲ್ಲಿ ಹೀಗೆ ಆಗುತ್ತದೆ. ಕೆಲವು ದಿನ ಕಪಾಲಭಾತಿಯನ್ನು ಬದಿಗಿಡಿ. ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಒಂದು ಅಂಗೈಯನ್ನು ಹೊಟ್ಟೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟುಕೊಂಡು, ಉಸಿರು ಬಿಡುವಾಗ ಹೊಟ್ಟೆ ಇಳಿಯುವುದನ್ನೂ ಎಳೆದುಕೊಳ್ಳುವಾಗ ಏರುವುದನ್ನೂ ರೂಢಿಸಿಕೊಳ್ಳಿ. ಅದು ಸಹಜವಾದ ಮೇಲೆ ಕುಳಿತು, ಎರಡು ಸೆಕೆಂಡಿಗೆ ಒಂದರಂತೆ ಬಿಡಿಬಿಡಿಯಾದ ಹೊಡೆತಗಳನ್ನು ಅಭ್ಯಾಸ ಮಾಡಿ. ಎರಡು ಹೊಡೆತಗಳ ನಡುವೆ ಹೊಟ್ಟೆ ಪೂರ್ತಿ ಸಡಿಲವಾಗದೆ ಇದ್ದರೆ ವೇಗ ಹೆಚ್ಚಿಸಬಾರದು. ಕ್ರಮ ತಲೆಕೆಳಗಾಗಿರುವಾಗ ವೇಗವನ್ನು ಹೆಚ್ಚಿಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಎಷ್ಟು ಸಲ ಮಾಡಬೇಕು? ಟಿವಿಯಲ್ಲಿ ಹದಿನೈದು ನಿಮಿಷ, ಅರ್ಧ ಗಂಟೆ ಅಂತೆಲ್ಲ ಹೇಳ್ತಾರೆ.

2015ರಿಂದ ಜೂನ್ 21ರಂದು ಆಚರಿಸುತ್ತಿರುವ ಅಂತರರಾಷ್ಟ್ರೀಯ ಯೋಗ ದಿನಕ್ಕಾಗಿ ಆಯುಷ್ ಸಚಿವಾಲಯವು ರೂಪಿಸಿದ ಸಾಮಾನ್ಯ ಯೋಗ ಶಿಷ್ಟಾಚಾರವು ಹೊಸಬರಿಗೆ 20 ಹೊಡೆತಗಳ ಮೂರು ಸುತ್ತುಗಳ ಮಿತಿಯನ್ನು ಸೂಚಿಸುತ್ತದೆ. ಆರಂಭಕ್ಕೆ ಇದು ಸಾಕಷ್ಟು. ಮೊದಲ ವಾರದಲ್ಲಿ ಅದಕ್ಕಿಂತಲೂ ಕಡಿಮೆ, ಅಂದರೆ 10ರಿಂದ 15 ಹೊಡೆತಗಳ ಎರಡು ಸುತ್ತು ಮಾಡಿದರೂ ನಷ್ಟವಿಲ್ಲ. ವಾರಕ್ಕೊಮ್ಮೆ ಪ್ರತಿ ಸುತ್ತಿಗೆ 10 ಹೊಡೆತ ಸೇರಿಸುತ್ತ ಹೋದರೆ ಎರಡು ತಿಂಗಳಲ್ಲಿ ಹೆಚ್ಚಿನವರು ತಮಗೆ ಬೇಕಾದ ಪ್ರಮಾಣವನ್ನು ತಲುಪಿರುತ್ತಾರೆ.

ಎರಡು ಸಾವಿರದ ದಶಕದಲ್ಲಿ ಬೆಳಗಿನ ದೂರದರ್ಶನ ಶಿಬಿರಗಳ ಮೂಲಕ ಈ ಕ್ರಿಯೆ ಮನೆಮನೆಗೆ ತಲುಪಿದಾಗ, ಅದರ ಜೊತೆಗೆ ನಿಮಿಷಗಳ ಲೆಕ್ಕವೂ ತಲುಪಿತು. ನನ್ನ ಅಭಿಪ್ರಾಯದಲ್ಲಿ ಇಂದು ಕಾಣುವ ಬಹುಪಾಲು ತೊಂದರೆಗಳ ಮೂಲ ಈ ಲೆಕ್ಕವೇ. ಅರ್ಧ ಗಂಟೆಯ ಗುರಿ ಹೊತ್ತವರು ಹತ್ತನೆಯ ನಿಮಿಷಕ್ಕೆ ಭುಜ ಕುಣಿಸುತ್ತ, ಹಲ್ಲು ಕಚ್ಚುತ್ತ, ಎದೆಯಿಂದ ಗಾಳಿ ನೂಕುತ್ತಿರುತ್ತಾರೆ. ಅಷ್ಟು ಹೊತ್ತಿಗೆ ಅದು ಕಪಾಲಭಾತಿಯಾಗಿ ಉಳಿದಿರುವುದಿಲ್ಲ. ಲಯ ಕೆಟ್ಟ ಹೊಡೆತವೇ ಆ ದಿನದ ಕೊನೆಯ ಹೊಡೆತವಾಗಬೇಕು, ಎಣಿಕೆ ಹನ್ನೆರಡರಲ್ಲೇ ಇದ್ದರೂ ಸರಿ.

ಯಾವ ಹೊತ್ತಿನಲ್ಲಿ ಮಾಡಬೇಕು? ಕಾಫಿ ಕುಡಿದು ಮಾಡಬಹುದೇ?

ಬೆಳಿಗ್ಗೆ ಮಲವಿಸರ್ಜನೆ ಆದ ಮೇಲೆ, ಬರಿಹೊಟ್ಟೆಯಲ್ಲಿ ಮಾಡುವುದು ಉತ್ತಮ. ಊಟವಾಗಿದ್ದರೆ ಮೂರರಿಂದ ನಾಲ್ಕು ಗಂಟೆ ಬಿಡಬೇಕು. ಕಾಫಿಯಿಂದ ಹೃದಯದ ಬಡಿತ ಹೆಚ್ಚುವವರಿಗೆ ಮತ್ತು ಎದೆಯುರಿ ಇರುವವರಿಗೆ ಅದು ಅಭ್ಯಾಸದ ನಂತರವೇ ಸರಿ. ರಾತ್ರಿ ಮಲಗುವ ಮುನ್ನ ಮಾಡಿದರೆ ಹಲವರಿಗೆ ನಿದ್ದೆ ತಡವಾಗುತ್ತದೆ. ಜಾಗದ ವಿಷಯದಲ್ಲಿ ಒಂದು ಮಾತು: ಊದುಬತ್ತಿ, ಧೂಪ, ಸೊಳ್ಳೆಬತ್ತಿಯ ಹೊಗೆ ತುಂಬಿದ ಕೋಣೆಯಲ್ಲಾಗಲಿ, ವಾಹನಗಳು ಓಡಾಡುವ ರಸ್ತೆಯ ಬದಿಯಲ್ಲಾಗಲಿ ಕುಳಿತು ಶುದ್ಧಿಕ್ರಿಯೆ ಮಾಡುವುದರಲ್ಲಿ ಅರ್ಥವಿಲ್ಲ. ಅಭ್ಯಾಸ ಮುಗಿದ ಮೇಲೆ ದೀಪ ಹಚ್ಚಿದರೂ ದೇವರು ಮುನಿಯುವುದಿಲ್ಲ.

ಮಂಡಿ ನೋವಿದೆ, ನೆಲದ ಮೇಲೆ ಕೂರಲಾಗದು. ಕುರ್ಚಿಯಲ್ಲಿ ಮಾಡಿದರೆ ಫಲ ಸಿಗುತ್ತದೆಯೇ?

ಖಂಡಿತ ಸಿಗುತ್ತದೆ. ಪಾದಗಳು ನೆಲಕ್ಕೆ ಪೂರ್ತಿ ತಾಗಿರಲಿ, ಬೆನ್ನು ಒರಗದೆ ನೇರವಾಗಿರಲಿ, ಕುರ್ಚಿಗೆ ಚಕ್ರಗಳಿರಬಾರದು. ನಿಂತು ಮಾಡುವುದನ್ನು ಮಾತ್ರ ಹೊಸಬರು ತಪ್ಪಿಸಬೇಕು, ತಲೆ ಸುತ್ತಿದರೆ ಬೀಳುವ ಭಯವಿದೆ.

## ಯಾರು ಮಾಡಬಾರದು, ಯಾರು ಕೇಳಿ ಮಾಡಬೇಕು

ಬಿಪಿಗೆ ಮಾತ್ರೆ ತಗೊಳ್ತಿದ್ದೀನಿ, ಈಗ ಕಂಟ್ರೋಲಿನಲ್ಲಿದೆ. ಮಾಡಬಹುದಲ್ಲವೇ?

ಕಪಾಲಭಾತಿ ನಡೆಯುತ್ತಿರುವಷ್ಟು ಹೊತ್ತು ಹೃದಯದ ಬಡಿತ ಮತ್ತು ರಕ್ತದ ಒತ್ತಡ ಏರುತ್ತವೆ ಎಂಬುದನ್ನು ಅಭ್ಯಾಸಿಗಳ ಮೇಲೆಯೇ ಅಳೆದು ನೋಡಲಾಗಿದೆ. ಆರೋಗ್ಯವಂತರಲ್ಲಿ ಈ ಏರಿಕೆ ತಾತ್ಕಾಲಿಕ, ತೊಂದರೆ ಕೊಡುವುದಿಲ್ಲ. ಆದರೆ ಅಧಿಕ ರಕ್ತದೊತ್ತಡ, ಹೃದ್ರೋಗ, ಹಿಂದೆ ಪಾರ್ಶ್ವವಾಯು ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಮಿದುಳಿನ ಅಥವಾ ಮಹಾಧಮನಿಯ ರಕ್ತನಾಳ ಉಬ್ಬಿರುವವರು ಇದನ್ನು ಬಿಡುವುದೇ ಸರಿ. ಮಾತ್ರೆಯಿಂದ ಒತ್ತಡ ಹತೋಟಿಯಲ್ಲಿದ್ದರೂ ನಿಮ್ಮ ವೈದ್ಯರಿಗೆ ಕ್ರಿಯೆಯನ್ನು ಎದುರಿಗೇ ಮಾಡಿ ತೋರಿಸಿ ಕೇಳಿ. ‘ಯೋಗ ಮಾಡಬಹುದೇ’ ಎಂದು ಕೇಳಿದರೆ ‘ಮಾಡಿ’ ಎಂಬ ಉತ್ತರ ಬರುತ್ತದೆ, ಅದು ಶವಾಸನಕ್ಕೂ ಶೀರ್ಷಾಸನಕ್ಕೂ ಒಟ್ಟಿಗೆ ಕೊಟ್ಟ ಒಪ್ಪಿಗೆಯಾಗಿಬಿಡುತ್ತದೆ. ನಿಮಗೆ ಬೇಕಾಗಿರುವುದು ಶಾಂತತೆಯಾದರೆ ಕುಂಭಕವಿಲ್ಲದ ನಾಡೀಶೋಧನ (ಹೊಳ್ಳೆಗಳನ್ನು ಬದಲಿಸುತ್ತ ಉಸಿರಾಡುವುದು), ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವುದು), ನಿಧಾನವಾದ ದೀರ್ಘ ಉಸಿರಾಟ ಇವು ಹೆಚ್ಚು ಹೊಂದುತ್ತವೆ.

ಮುಟ್ಟಿನ ದಿನಗಳಲ್ಲಿ, ಬಸುರಿಯಾಗಿದ್ದಾಗ, ಬಾಣಂತನದಲ್ಲಿ ಹೇಗೆ?

ಗರ್ಭಿಣಿಯರು ಯಾವ ತಿಂಗಳಲ್ಲೂ ಮಾಡಬಾರದು. ಗರ್ಭ ಧರಿಸಿರುವ ಸಂಭವ ಇರುವವರೂ ನಿಲ್ಲಿಸಬೇಕು. ಮುಟ್ಟಿನ ದಿನಗಳಲ್ಲಿ, ವಿಶೇಷವಾಗಿ ಸ್ರಾವ ಹೆಚ್ಚಿರುವ ಮೊದಲ ದಿನಗಳಲ್ಲಿ, ಬಿಡುವುದು ವಾಡಿಕೆ. ಹೊಟ್ಟೆನೋವು ಇದ್ದಾಗ ಹೊಟ್ಟೆಗೆ ಹೊಡೆತ ಕೊಡುವುದು ಯಾರಿಗೂ ಹಿತವಲ್ಲ.

ಹೆರಿಗೆಯ ನಂತರದ ಪ್ರಶ್ನೆ ಇವೆರಡಕ್ಕಿಂತ ಹೆಚ್ಚು ಗಮನ ಬೇಡುತ್ತದೆ, ಏಕೆಂದರೆ ‘ಬಾಣಂತಿ ಹೊಟ್ಟೆ’ ಇಳಿಸಲು ಕಪಾಲಭಾತಿಯನ್ನೇ ಮೊದಲು ಸೂಚಿಸುವವರು ಸುತ್ತಲೂ ಇರುತ್ತಾರೆ. ಗರ್ಭಾವಸ್ಥೆಯಲ್ಲಿ ಹೊಟ್ಟೆಯ ನಡುವಿನ ಎರಡು ನೀಳ ಸ್ನಾಯುಗಳು ಬದಿಗೆ ಸರಿದಿರುತ್ತವೆ, ಕೆಲವರಲ್ಲಿ ಅವು ತಿಂಗಳುಗಟ್ಟಲೆ ಮತ್ತೆ ಕೂಡಿಕೊಳ್ಳುವುದಿಲ್ಲ. ಶ್ರೋಣಿಯ ತಳದ ಸ್ನಾಯುಗಳೂ ದುರ್ಬಲವಾಗಿರುತ್ತವೆ. ಅಂಥ ಹೊಟ್ಟೆಯೊಳಗೆ ಮತ್ತೆ ಮತ್ತೆ ಒತ್ತಡ ಹುಟ್ಟಿಸಿದರೆ ಬಿರುಕು ಹಿಗ್ಗಬಹುದು, ಕೆಮ್ಮಿದಾಗ ಮೂತ್ರ ಸೋರುವ ತೊಂದರೆ ಹೆಚ್ಚಬಹುದು. ಸಿಸೇರಿಯನ್ ಆಗಿದ್ದರೆ ಹೊರಗಿನ ಗಾಯ ಒಣಗಿದ ಮಾತ್ರಕ್ಕೆ ಒಳಗಿನ ಪದರಗಳು ಗಟ್ಟಿಯಾಗಿರುವುದಿಲ್ಲ. ಕನಿಷ್ಠ ಮೂರು ತಿಂಗಳು ಕಾದು, ಸ್ತ್ರೀರೋಗ ತಜ್ಞರಿಂದ ಹೊಟ್ಟೆಯ ಸ್ನಾಯುಗಳನ್ನು ಪರೀಕ್ಷಿಸಿಕೊಂಡು, ಅವರು ಒಪ್ಪಿದ ಮೇಲಷ್ಟೇ ಆರಂಭಿಸಿ.

ಹರ್ನಿಯಾ, ಅಲ್ಸರ್, ಆ್ಯಸಿಡಿಟಿ ಇದ್ದರೆ?

ಹರ್ನಿಯಾ ಇದ್ದರೆ ಬೇಡ, ಹೊಟ್ಟೆಯ ಗೋಡೆಯ ದುರ್ಬಲ ಜಾಗಕ್ಕೆ ಪ್ರತಿ ಹೊಡೆತವೂ ಒತ್ತಡ ಹೇರುತ್ತದೆ. ಜಠರ ಅಥವಾ ಕರುಳಿನ ಹುಣ್ಣು ಇರುವಾಗಲೂ ಬೇಡ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಶಸ್ತ್ರವೈದ್ಯರು ಭಾರ ಎತ್ತಲು ಅನುಮತಿ ಕೊಡುವವರೆಗೆ ಇದಕ್ಕೂ ಅನುಮತಿ ಇಲ್ಲವೆಂದೇ ತಿಳಿಯಿರಿ. ಸಾಧಾರಣ ಆಮ್ಲೀಯತೆ ಇರುವವರು ಬರಿಹೊಟ್ಟೆಯಲ್ಲಿ, ಹಗುರವಾಗಿ ಮಾಡಿ ನೋಡಬಹುದು, ಹುಳಿತೇಗು ಹೆಚ್ಚಾದರೆ ನಿಲ್ಲಿಸಬೇಕು.

ಕಣ್ಣಿನ ಪೊರೆ ಆಪರೇಷನ್ ಆಗಿದೆ. ಕಣ್ಣಿಗೂ ಇದಕ್ಕೂ ಏನು ಸಂಬಂಧ?

ಉಸಿರನ್ನು ಬಲವಾಗಿ ತಳ್ಳುವಾಗ ಎದೆಯೊಳಗಿನ ಒತ್ತಡ ಏರಿ, ತಲೆಯಿಂದ ಹೃದಯಕ್ಕೆ ಮರಳುವ ರಕ್ತಕ್ಕೆ ಕ್ಷಣಕಾಲ ತಡೆಯುಂಟಾಗುತ್ತದೆ. ಇದರಿಂದ ಕಣ್ಣಿನ ಒಳಒತ್ತಡವೂ ಏರಬಹುದು. ಆದ್ದರಿಂದ ಗ್ಲಾಕೋಮಾ ಇರುವವರು, ಅಕ್ಷಿಪಟಲ ಕಳಚಿಕೊಂಡ ಇತಿಹಾಸ ಇರುವವರು ಮತ್ತು ಮಧುಮೇಹದಿಂದ ಅಕ್ಷಿಪಟಲದಲ್ಲಿ ರಕ್ತಸ್ರಾವ ಆದವರು ಮಾಡಬಾರದು. ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಕಣ್ಣಿನ ವೈದ್ಯರು ಒಪ್ಪುವವರೆಗೆ ಕಾಯಬೇಕು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಜಗತ್ತಿಗೇ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಅರವತ್ತರ ದಶಕದಲ್ಲೇ ಕಣ್ಣು ಮತ್ತು ಕಿವಿಯ ದೋಷಗಳಿರುವವರು ಭಸ್ತ್ರಿಕಾ ಮತ್ತು ಕಪಾಲಭಾತಿಗಳಿಂದ ದೂರವಿರಬೇಕೆಂದು ಬರೆದು ಎಚ್ಚರಿಸಿದ್ದರು. ಕಿವಿ ಸೋರುತ್ತಿರುವವರಿಗೂ ಈ ಮಾತು ಅನ್ವಯಿಸುತ್ತದೆ.

ನನಗೆ ಅಸ್ತಮಾ. ಕೆಲವರು ಮಾಡು ಅಂತಾರೆ, ಕೆಲವರು ಬೇಡ ಅಂತಾರೆ.

ಇಬ್ಬರ ಮಾತೂ ಅವರವರು ಕಂಡ ರೋಗಿಗಳ ಮಟ್ಟಿಗೆ ಸರಿಯಿರಬಹುದು. ಉಬ್ಬಸ ಇರುವಾಗ, ನೆಗಡಿ ಎದೆಗೆ ಇಳಿದಾಗ, ಇನ್‌ಹೇಲರ್ ಬಳಕೆ ಇತ್ತೀಚೆಗೆ ಹೆಚ್ಚಾಗಿರುವಾಗ ಖಂಡಿತ ಬೇಡ. ವೇಗದ ಉಸಿರಾಟವೇ ಕೆಲವರಲ್ಲಿ ಶ್ವಾಸನಾಳಗಳನ್ನು ಕೆರಳಿಸುತ್ತದೆ, ಮಲೆನಾಡಿನ ಚಳಿಗಾಲದ ಮುಂಜಾನೆಯ ತಣ್ಣನೆಯ ಗಾಳಿಯಲ್ಲಂತೂ ಇದು ಇನ್ನೂ ಹೆಚ್ಚು. ರೋಗ ದೀರ್ಘಕಾಲದಿಂದ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದ್ದರೆ, ಇನ್‌ಹೇಲರನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು, ನಿಧಾನವಾದ 10 ಹೊಡೆತಗಳಿಂದ ಆರಂಭಿಸಬಹುದು. ವರ್ಷಾನುಗಟ್ಟಲೆ ಬೀಡಿ ಸಿಗರೇಟು ಸೇದಿ ಶ್ವಾಸಕೋಶದ ಗೂಡುಗಳು ಹಿಗ್ಗಿರುವವರು ಮತ್ತು ಒಮ್ಮೆಯಾದರೂ ಶ್ವಾಸಕೋಶ ಕುಸಿದ ಇತಿಹಾಸ ಇರುವವರು ಈ ಪ್ರಯೋಗಕ್ಕೂ ಹೋಗಬಾರದು.

ಫಿಟ್ಸ್ ಬರುತ್ತಿತ್ತು, ಈಗ ಎರಡು ವರ್ಷದಿಂದ ಬಂದಿಲ್ಲ. ಮಾಡಲೇ?

ಬೇಡ. ವೇಗವಾದ ಆಳ ಉಸಿರಾಟ ಅಪಸ್ಮಾರವನ್ನು ಪ್ರಚೋದಿಸಬಲ್ಲದು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಮರೆಯಲ್ಲಿರುವ ದೋಷವನ್ನು ಹೊರಗೆಡಹಲು ರೋಗಿಯಿಂದ ಮೂರು ನಿಮಿಷ ಜೋರಾಗಿ ಉಸಿರಾಡಿಸುವುದು ಇದೇ ಕಾರಣಕ್ಕೆ. ತೀವ್ರ ಆತಂಕದ ದಾಳಿಗಳು ಬರುವವರಿಗೂ ಈ ಕ್ರಿಯೆ ಹೊಂದುವುದಿಲ್ಲ, ಏಕೆಂದರೆ ಎದೆ ಹೊಡೆದುಕೊಳ್ಳುವುದು ಮತ್ತು ತಲೆ ಹಗುರಾಗುವುದನ್ನು ದೇಹವು ದಾಳಿಯ ಆರಂಭವೆಂದೇ ಅರ್ಥಮಾಡಿಕೊಳ್ಳಬಹುದು.

ಮಗನಿಗೆ ಒಂಬತ್ತು ವರ್ಷ. ನನ್ನ ಜೊತೆ ಕೂತು ಮಾಡ್ತಾನೆ. ಪರವಾಗಿಲ್ಲವೇ?

ಅನುಕರಣೆಗಾಗಿ ನಾಲ್ಕಾರು ಹೊಡೆತ ಮಾಡಿದರೆ ಗಾಬರಿ ಪಡಬೇಕಿಲ್ಲ. ನಿಯಮಿತ ಅಭ್ಯಾಸವಾಗಿ ಕಲಿಸುವುದು ಹನ್ನೆರಡರ ನಂತರ ಇರಲಿ. ಆ ವಯಸ್ಸಿಗೆ ಸೂರ್ಯನಮಸ್ಕಾರ ಮತ್ತು ಆಟದ ಬಯಲು ಸಾಕು.

## ಅಭ್ಯಾಸದ ನಡುವಿನ ತೊಂದರೆಗಳು

ಎರಡನೇ ಸುತ್ತಿಗೇ ತಲೆ ಸುತ್ತುತ್ತೆ, ತುಟಿ, ಬೆರಳು ಜುಂ ಅನ್ನುತ್ತೆ. ಶಕ್ತಿ ಸಂಚಾರ ಅಂತಾರೆ, ನಿಜವೇ?

ಅಲ್ಲ. ಅದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದುದರ ಗುರುತು. ಈ ಅನಿಲವನ್ನು ಕೇವಲ ಕಸವೆಂದು ಭಾವಿಸುವುದು ತಪ್ಪು. ರಕ್ತದ ಆಮ್ಲ ಕ್ಷಾರ ಸಮತೋಲನವನ್ನು ಕಾಯುವುದೂ ಮಿದುಳಿನ ರಕ್ತನಾಳಗಳ ಅಗಲವನ್ನು ನಿರ್ಧರಿಸುವುದೂ ಅದರ ಕೆಲಸ. ಅದು ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಆದ್ದರಿಂದ ತಲೆ ಸುತ್ತು, ಕಣ್ಣು ಮಂಜಾಗುವುದು. ರಕ್ತ ಕ್ಷಾರದ ಕಡೆಗೆ ವಾಲಿದಾಗ ನರಗಳಿಗೆ ದೊರೆಯುವ ಕ್ಯಾಲ್ಸಿಯಂ ತಗ್ಗಿ, ಅವು ಅತಿಯಾಗಿ ಸ್ಪಂದಿಸುತ್ತವೆ, ಆದ್ದರಿಂದ ತುಟಿ ಮತ್ತು ಬೆರಳುಗಳಲ್ಲಿ ಜೋಮು, ಹೆಚ್ಚಾದರೆ ಕೈಬೆರಳುಗಳ ಸೆಳೆತ.

ಇಲ್ಲಿ ಹೊಡೆತದ ಗಾತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ರಕ್ತದ ಹತ್ತಿರಕ್ಕೇ ಹೋಗುವುದಿಲ್ಲ. ಹೊಡೆತ ಚಿಕ್ಕದಾಗಿ, ಹಗುರವಾಗಿ ಇದ್ದಾಗ ಚಲಿಸುವ ಗಾಳಿಯ ದೊಡ್ಡ ಪಾಲು ಈ ದಾರಿಯಲ್ಲೇ ಓಡಾಡುವುದರಿಂದ, ನಿಮಿಷಕ್ಕೆ ಅರುವತ್ತು ಸಲ ಉಸಿರಾಡಿದರೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಕುಸಿಯುವುದಿಲ್ಲ. ಅದೇ ಹೊಡೆತ ದೊಡ್ಡದಾಗಿ, ಪೂರಕವೂ ಆಳವಾದರೆ, ಶ್ವಾಸಕೋಶದ ಒಳಗೂಡುಗಳೇ ಪ್ರತಿ ಸೆಕೆಂಡಿಗೆ ಖಾಲಿಯಾಗತೊಡಗುತ್ತವೆ. ಹಾಗಾಗಿ ಜೋಮು ಬಂದರೆ ಕೂಡಲೇ ನಿಲ್ಲಿಸಿ, ಸಹಜವಾಗಿ ಉಸಿರಾಡಿ, ಬೇಕಿದ್ದರೆ ಮಲಗಿಕೊಳ್ಳಿ. ಒಂದೆರಡು ನಿಮಿಷಗಳಲ್ಲಿ ಸರಿಹೋಗುತ್ತದೆ. ಮರುದಿನ ಬಲವನ್ನೂ ಎಣಿಕೆಯನ್ನೂ ಅರ್ಧಕ್ಕೆ ಇಳಿಸಿ. ಹಗುರವಾಗಿ ಮಾಡಿದ ಮೇಲೂ ತಲೆ ಸುತ್ತುವುದಾದರೆ ರಕ್ತಹೀನತೆ, ಕಡಿಮೆ ರಕ್ತದೊತ್ತಡ, ಕಿವಿಯ ಸಮತೋಲನದ ದೋಷ ಇವುಗಳಿಗಾಗಿ ಪರೀಕ್ಷೆ ಮಾಡಿಸಬೇಕು.

ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಬೇಕು?

ಒಂದು ಬದಿಯ ಎದೆಯಲ್ಲಿ ಚುಚ್ಚುವ ನೋವು ಹಠಾತ್ತನೆ ಕಾಣಿಸಿ, ಉಸಿರೆಳೆದಾಗ ಹೆಚ್ಚಾಗುತ್ತಿದ್ದು, ಏದುಸಿರು ಬಂದರೆ ತಡಮಾಡಬಾರದು. ಶ್ವಾಸಕೋಶದ ಹೊರಪದರದಲ್ಲಿ ಸೀಳಾಗಿ ಗಾಳಿ ಸೋರಿ ಶ್ವಾಸಕೋಶ ಕುಸಿದಿರುವ ಸಾಧ್ಯತೆ ಇರುತ್ತದೆ. ಇದು ಅತಿ ವಿರಳ, ಆದರೆ ಕಲ್ಪನೆಯಲ್ಲ: 2004ರಲ್ಲಿ ಅಮೆರಿಕದ ಎದೆರೋಗ ತಜ್ಞರ ಪತ್ರಿಕೆಯೊಂದರಲ್ಲಿ, ಕಪಾಲಭಾತಿ ಮಾಡುತ್ತಿದ್ದ 29 ವರ್ಷದ ಆರೋಗ್ಯವಂತ ಮಹಿಳೆಯೊಬ್ಬರಿಗೆ ಹೀಗಾದ ಪ್ರಕರಣ ವರದಿಯಾಗಿದೆ. ಎತ್ತರವಾಗಿ ತೆಳ್ಳಗಿರುವ, ಅದರಲ್ಲೂ ಧೂಮಪಾನ ಮಾಡುವ ಯುವಕರಲ್ಲಿ ಕಾರಣವೇ ಇಲ್ಲದೆಯೂ ಶ್ವಾಸಕೋಶ ಕುಸಿಯುವುದುಂಟು, ಅವರು ಬಲಪ್ರಯೋಗದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಎಡಗೈ ಅಥವಾ ದವಡೆಗೆ ಹರಡುವ ಎದೆನೋವು, ಮಾತು ತೊದಲುವುದು, ಮುಖ ಒಂದು ಬದಿಗೆ ವಾಲುವುದು, ಕಣ್ಣೆದುರು ಮಿಂಚು ಅಥವಾ ಕಪ್ಪು ಪರದೆ ಕಾಣುವುದು, ಪ್ರಜ್ಞೆ ತಪ್ಪುವುದು ಇವೆಲ್ಲವೂ ತುರ್ತು ಲಕ್ಷಣಗಳೇ. ಮೂಗಿನಿಂದ ರಕ್ತ ಬಂದರೆ ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೃದುಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಅಥವಾ ಮರುಕಳಿಸಿದರೆ ವೈದ್ಯರನ್ನು ಕಾಣಬೇಕು.

ಮೂಗು ಕಟ್ಟಿಕೊಂಡಿರುತ್ತೆ. ಜಲನೇತಿ ಮಾಡಿ ಆಮೇಲೆ ಕಪಾಲಭಾತಿ ಮಾಡಲೇ?

ಕ್ರಮ ಸರಿಯಾಗಿದೆ, ಆದರೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ನೀರು. ನಲ್ಲಿ, ಬಾವಿ, ಕೊಳವೆಬಾವಿ, ಹೊಳೆ ಯಾವುದರ ನೀರನ್ನೂ ನೇರವಾಗಿ ಮೂಗಿಗೆ ಹಾಕಬಾರದು. ಕುಡಿದರೆ ಅಪಾಯ ಮಾಡದ ಒಂದು ಜಾತಿಯ ಅಮೀಬಾ ಮೂಗಿನ ಮೂಲಕ ಮಿದುಳನ್ನು ತಲುಪಿದರೆ ಬಹುತೇಕ ಪ್ರಾಣಾಂತಿಕ. ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ, ಅರ್ಧ ಲೀಟರಿಗೆ ಸುಮಾರು ಒಂದು ಸಣ್ಣ ಚಮಚ ಉಪ್ಪು ಬೆರೆಸಿ ಬಳಸಿ. ನೇತಿಪಾತ್ರೆಯನ್ನು ತೊಳೆದು ಪೂರ್ತಿ ಒಣಗಿಸಿಡಿ.

ಎರಡನೆಯದು ಉಳಿದ ನೀರನ್ನು ಹೊರತೆಗೆಯುವ ಬಗೆ. ಮುಂದಕ್ಕೆ ಬಾಗಿ, ಎರಡೂ ಹೊಳ್ಳೆಗಳನ್ನು ತೆರೆದಿಟ್ಟು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಹಗುರವಾದ ಹೊಡೆತಗಳನ್ನು ಕೊಡಬೇಕು. ಹೊಳ್ಳೆ ಮುಚ್ಚಿ ಸೀಟಿದರೆ ನೀರು ಮಧ್ಯಕಿವಿಯನ್ನು ಸೇರಿ ಸೋಂಕಾಗಬಹುದು. ಮೂಗು ಪೂರ್ತಿ ಕಟ್ಟಿದ್ದರೆ, ಜ್ವರ ಅಥವಾ ಸೈನಸ್ ನೋವು ಇದ್ದರೆ ಆ ದಿನ ಎರಡನ್ನೂ ಬಿಡಿ. ಬಾಯಿಂದ ಕಪಾಲಭಾತಿ ಮಾಡುವುದೆಂಬುದಿಲ್ಲ.

## ಫಲದ ಕುರಿತು

ಹೊಟ್ಟೆ ಕರಗುತ್ತದೆಯೇ? ಅದಕ್ಕಾಗಿಯೇ ಶುರು ಮಾಡಿದ್ದು.

ಹೊಟ್ಟೆಯ ಸ್ನಾಯುಗಳು ಬಿಗಿಯಾಗುತ್ತವೆ, ಅದರಿಂದ ನಿಲುವು ಸುಧಾರಿಸಿ ಹೊಟ್ಟೆ ಸ್ವಲ್ಪ ಒಳಗಿರುವಂತೆ ಕಾಣಬಹುದು. ಕೊಬ್ಬು ಕರಗುವುದು ಬೇರೆಯೇ ಲೆಕ್ಕ. ಕೆಲಸ ಮಾಡುವ ಸ್ನಾಯುವಿನ ಮೇಲಿರುವ ಕೊಬ್ಬನ್ನೇ ದೇಹ ಆರಿಸಿ ಬಳಸುವುದಿಲ್ಲ, ಕುಳಿತಲ್ಲೇ ಮಾಡುವ ಈ ಕ್ರಿಯೆಗೆ ವ್ಯಯವಾಗುವ ಶಕ್ತಿಯೂ ಅಲ್ಪ. ಕಪಾಲಭಾತಿ ಆರಂಭಿಸಿ ತೂಕ ಇಳಿಸಿದವರಲ್ಲಿ ಹಲವರು ಅದರ ಜೊತೆಗೇ ಬೇಗ ಏಳಲು, ನಡೆಯಲು, ರಾತ್ರಿಯೂಟ ಕಡಿಮೆ ಮಾಡಲು ತೊಡಗಿರುತ್ತಾರೆ. ಕೀರ್ತಿ ಮಾತ್ರ ಕಪಾಲಭಾತಿಗೆ ಹೋಗುತ್ತದೆ.

ದೇಹಕ್ಕೆ ಹೆಚ್ಚು ಆಮ್ಲಜನಕ ಸಿಗುತ್ತೆ, ವಿಷವೆಲ್ಲ ಹೊರಹೋಗುತ್ತೆ ಅನ್ನೋದು?

ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕದ ಸಾಂದ್ರತೆ ಸುಮ್ಮನೆ ಕುಳಿತಿರುವಾಗಲೇ 95ರಿಂದ 100 ಪ್ರತಿಶತ ಇರುತ್ತದೆ. ತುಂಬಿರುವ ಕಡೆ ಇನ್ನಷ್ಟು ತುಂಬಲು ಜಾಗವಿಲ್ಲ. ರಕ್ತವನ್ನು ಶೋಧಿಸುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಮೂಗು ಮತ್ತು ಮೇಲಿನ ಶ್ವಾಸಮಾರ್ಗದ ಕಫ ಸಡಿಲವಾಗುವುದು, ಮಂಪರು ಹರಿದು ಗಮನ ಚುರುಕಾಗುವುದು, ಹೊಟ್ಟೆಯ ಸ್ನಾಯುಗಳ ಮೇಲೆ ಹಿಡಿತ ಬರುವುದು ಇವು ಹೆಚ್ಚಿನ ಅಭ್ಯಾಸಿಗಳ ಅನುಭವಕ್ಕೆ ಬರುವ ಫಲಗಳು. ಬೆಂಗಳೂರಿನ ಹೊರವಲಯದ ಜಿಗಣಿಯ ಎಸ್-ವ್ಯಾಸ ವಿಶ್ವವಿದ್ಯಾಲಯ ಸೇರಿದಂತೆ ಹಲವೆಡೆ ಸಂಶೋಧಕರು ಇದನ್ನು ‘ಅಧಿಕ ಆವರ್ತನದ ಯೋಗ ಉಸಿರಾಟ’ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ್ದಾರೆ, ಏಕಾಗ್ರತೆಯ ಮೇಲಿನ ಪರಿಣಾಮ ಆ ಅಧ್ಯಯನಗಳ ಮುಖ್ಯ ವಿಷಯಗಳಲ್ಲಿ ಒಂದು.

ಥೈರಾಯ್ಡ್, ಶುಗರ್ ಮಾತ್ರೆಗಳನ್ನು ನಿಲ್ಲಿಸಬಹುದೇ?

ನಿಲ್ಲಿಸಬಾರದು. ಪ್ರಮಾಣ ಕಡಿಮೆ ಮಾಡಬೇಕೇ ಎಂಬುದನ್ನು ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಆಸನ, ಕಪಾಲಭಾತಿ, ನಡಿಗೆ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದಾದ್ದರಿಂದ, ಅಭ್ಯಾಸದ ಹೊತ್ತನ್ನೂ ವೈದ್ಯರೊಡನೆಯೇ ಗೊತ್ತುಮಾಡಿಕೊಳ್ಳಬೇಕು.

## ಅಭ್ಯಾಸ ಪಳಗಿದ ಮೇಲೆ

ನಿಮಿಷಕ್ಕೆ ಅರುವತ್ತು ಸಲೀಸಾಗಿದೆ. ನೂರಿಪ್ಪತ್ತಕ್ಕೆ ಹೋಗಲೇ?

ಸೆಕೆಂಡಿಗೆ ಎರಡು ಹೊಡೆತ, ಅಂದರೆ ನಿಮಿಷಕ್ಕೆ 120, ಪಳಗಿದವರ ವೇಗವೆಂದು ಪರಿಗಣಿತವಾಗಿದೆ. ಅಲ್ಲಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಹೋಗುವುದಾದರೆ ವೇಗ ಮತ್ತು ಎಣಿಕೆ ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ, ವೇಗ ಏರಿದಷ್ಟೂ ಹೊಡೆತದ ಗಾತ್ರ ಇಳಿಯಲಿ. ಪರೀಕ್ಷೆ ಸುಲಭ: ಸುತ್ತಿನ ಕೊನೆಯ ಐದು ಹೊಡೆತಗಳು ಮೊದಲ ಐದರಂತೆಯೇ ಇರಬೇಕು, ಮುಗಿದ ಕೂಡಲೇ ಏದುಸಿರಿಲ್ಲದೆ ಒಂದು ವಾಕ್ಯ ಮಾತನಾಡಲು ಬರಬೇಕು.

ಸುತ್ತು ಮುಗಿದ ಮೇಲೆ ಕೆಲವು ಕ್ಷಣ ಉಸಿರೇ ಬೇಡ ಅನ್ನಿಸುತ್ತದೆ. ಇದು ‘ಕೇವಲ ಕುಂಭಕ’ವೇ, ಅಂದರೆ ಪ್ರಯತ್ನವಿಲ್ಲದೆ ಉಸಿರು ತಾನಾಗಿ ನಿಲ್ಲುವ ಸ್ಥಿತಿಯೇ?

ಅನುಭವಿಗಳು ಬಹುವಾಗಿ ಮೆಚ್ಚುವ ಸ್ಥಿತಿ ಇದು. ಧ್ಯಾನಕ್ಕೆ ಕೂರುವ ಮುನ್ನ ಕಪಾಲಭಾತಿ ಮಾಡುವ ಪದ್ಧತಿಗೆ ಈ ನಿಶ್ಶಬ್ದವೂ ಒಂದು ಕಾರಣ. ಆದರೆ ಅದರ ಹಿಂದಿನ ಕೆಲಸವನ್ನು ತಿಳಿದಿರಬೇಕು. ಉಸಿರೆಳೆಯಬೇಕೆಂಬ ಒತ್ತಾಯ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಮೊದಲನೆಯದು ತಗ್ಗಿರುವಾಗ ಒತ್ತಾಯ ತಡವಾಗಿ ಬರುತ್ತದೆ. ಇದನ್ನು ಸಿದ್ಧಿಯೆಂದು ಭಾವಿಸಿ ಹಠದಿಂದ ಉದ್ದ ಮಾಡುತ್ತ ಹೋಗಬಾರದು. ಉಸಿರು ಬೇಕೆನಿಸಿದ ಕ್ಷಣವೇ ಬಿಟ್ಟುಕೊಡಿ.

ಇದೇ ಕಾರಣಕ್ಕೆ ಈಜುಕೊಳ, ಕೆರೆ, ಹೊಳೆ, ಸಮುದ್ರಕ್ಕೆ ಇಳಿಯುವ ಮುನ್ನ ಅಥವಾ ನೀರಿನಲ್ಲಿ ನಿಂತು ಕಪಾಲಭಾತಿಯನ್ನಾಗಲಿ ಭಸ್ತ್ರಿಕಾವನ್ನಾಗಲಿ ಎಂದೂ ಮಾಡಬಾರದು. ಆಮೇಲೆ ಮುಳುಗಿ ಉಸಿರು ಹಿಡಿದವರಿಗೆ ಎಚ್ಚರಿಕೆಯ ಒತ್ತಾಯ ಬರುವ ಮೊದಲೇ ಆಮ್ಲಜನಕ ತೀರಿ, ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಳ್ಳುತ್ತಾರೆ. ವಾಹನ ಓಡಿಸುತ್ತಲೂ ಮಾಡಬಾರದು. ಸಿಗ್ನಲ್ಲಿನಲ್ಲಿ ಸಮಯ ಉಳಿತಾಯವೆಂದು ಮಾಡುವವರೂ ಇದ್ದಾರೆ.

ಬಂಧಗಳನ್ನು ಸೇರಿಸಬಹುದೇ? ವ್ಯುತ್ಕ್ರಮ, ಶೀತ್ಕ್ರಮ ಅಂತ ಕೇಳಿದ್ದೇನೆ, ಅವೇನು?

ಸುತ್ತಿನ ಕೊನೆಗೆ ಉಸಿರನ್ನು ಹೊರಬಿಟ್ಟು ಜಾಲಂಧರ, ಉಡ್ಡಿಯಾನ, ಮೂಲ ಬಂಧಗಳನ್ನು, ಅಂದರೆ ಗಂಟಲು, ಹೊಟ್ಟೆ, ಶ್ರೋಣಿಯ ತಳಗಳನ್ನು ಬಿಗಿಹಿಡಿಯುವ ಕ್ರಿಯೆಗಳನ್ನು ಸೇರಿಸುವ ಪದ್ಧತಿ ಇದೆ. ಪ್ರತಿ ಬಂಧವನ್ನೂ ಬಿಡಿಯಾಗಿ, ಗುರುಮುಖೇನ ಕಲಿತು ಪಳಗಿದ ಮೇಲಷ್ಟೇ ಅದಕ್ಕೆ ಕೈಹಾಕಬೇಕು. ಘೇರಂಡ ಸಂಹಿತೆ ಎಂಬ ಇನ್ನೊಂದು ಹಠಯೋಗ ಗ್ರಂಥ ಭಾಲಭಾತಿ ಎಂಬ ಹೆಸರಿನಲ್ಲಿ ಇದರ ಮೂರು ಪ್ರಕಾರಗಳನ್ನು ಹೇಳುತ್ತದೆ. ವಾತಕ್ರಮದಲ್ಲಿ ಒಂದು ಹೊಳ್ಳೆಯಿಂದ ಗಾಳಿ ಎಳೆದು ಇನ್ನೊಂದರಿಂದ ಬಿಡಬೇಕು, ವ್ಯುತ್ಕ್ರಮದಲ್ಲಿ ಮೂಗಿನಿಂದ ನೀರೆಳೆದು ಬಾಯಿಂದ ಬಿಡಬೇಕು, ಶೀತ್ಕ್ರಮದಲ್ಲಿ ಬಾಯಿಂದ ಸೀತ್ಕರಿಸುತ್ತ ನೀರೆಳೆದು ಮೂಗಿನಿಂದ ಬಿಡಬೇಕು. ವಾತಕ್ರಮವನ್ನು ಬಲ್ಲವರಿಂದ ಕಲಿಯಬಹುದು. ನೀರಿನ ಎರಡು ಪ್ರಕಾರಗಳನ್ನು ವಿಡಿಯೊ ನೋಡಿ ಪ್ರಯತ್ನಿಸುವವರು ನೀರನ್ನು ಶ್ವಾಸನಾಳಕ್ಕೆ ಎಳೆದುಕೊಳ್ಳುವ ಅಪಾಯವಿದೆ. ಸಾಮಾನ್ಯ ಗೃಹಸ್ಥರಿಗೆ ಜಲನೇತಿಯಿಂದ ಸಿಗದ ಯಾವ ಪ್ರಯೋಜನಕ್ಕಾಗಿ ಇವು ಬೇಕೆಂಬುದು ನನಗೆ ಕಂಡಿಲ್ಲ.

ನಾನು ಬಡಾವಣೆಯ ಪಾರ್ಕಿನಲ್ಲಿ ನಲವತ್ತು ಜನರಿಗೆ ಹೇಳಿಕೊಡುತ್ತೇನೆ. ಗುಂಪಿನಲ್ಲಿ ಸುರಕ್ಷತೆ ಹೇಗೆ ನೋಡಿಕೊಳ್ಳುವುದು?

ಹೊಸಬರು ಸೇರಿದ ದಿನವೇ ಅವರ ಕಾಯಿಲೆ, ಶಸ್ತ್ರಚಿಕಿತ್ಸೆ, ಔಷಧಿಗಳ ವಿವರವನ್ನು ಬರೆಸಿಕೊಳ್ಳಿ. ಎಲ್ಲರೆದುರು ಕೇಳಿದರೆ ಮುಟ್ಟು, ಗರ್ಭ, ಮೂರ್ಛೆರೋಗದ ವಿಷಯವನ್ನು ಯಾರೂ ಹೇಳುವುದಿಲ್ಲ. ಲಯವನ್ನು ಮೈಕಿನಲ್ಲಿ ಎಣಿಸಿ ಎಲ್ಲರನ್ನೂ ಒಂದೇ ವೇಗಕ್ಕೆ ಎಳೆಯುವುದನ್ನು ಬಿಡಿ, ಆರಂಭ ಮತ್ತು ಮುಕ್ತಾಯವನ್ನು ಮಾತ್ರ ಸೂಚಿಸಿ, ನಡುವಿನ ವೇಗವನ್ನು ಅವರವರಿಗೆ ಬಿಡಿ. ಮಾಡಬಾರದವರಿಗೆ ಅದೇ ಹೊತ್ತಿಗೆ ಭ್ರಾಮರಿಯನ್ನೋ ಸರಳ ಉದರ ಉಸಿರಾಟವನ್ನೋ ಕೊಟ್ಟರೆ ಅವರು ಸುಮ್ಮನೆ ಕೂರುವ ಮುಜುಗರದಿಂದ ಕಪಾಲಭಾತಿಗೆ ಇಳಿಯುವುದಿಲ್ಲ. ನೀವು ಎದುರಿಗೆ ಕುಳಿತು ಕಣ್ಣುಮುಚ್ಚಿ ಮಾಡಿ ತೋರಿಸುತ್ತಿದ್ದರೆ ಯಾರ ಭುಜ ಕುಣಿಯುತ್ತಿದೆ, ಯಾರ ಮುಖ ಬಿಳಿಚಿಕೊಂಡಿದೆ ಎಂಬುದು ತಿಳಿಯುವುದೇ ಇಲ್ಲ. ಹಾಗಾಗಿ ಒಂದು ಸುತ್ತನ್ನು ತೋರಿಸಿ, ಉಳಿದ ಸುತ್ತುಗಳಲ್ಲಿ ಎದ್ದು ಸಾಲುಗಳ ನಡುವೆ ಓಡಾಡಿ.